ಜಾಲಿಯ ಮಂಜೂಷ, ಹೊರುವವರ ಹೆಗಲು

ಕನ್ನಡ ಬೈಬಲ್ಲಿನ ವಿಮೋಚನಕಾಂಡದಲ್ಲಿ ಇಸ್ರಾಯೇಲರ ಆರಾಧನೆಯ ಸಾಮಾನುಗಳನ್ನು ಯಾವ ಮರದಿಂದ ಮಾಡಬೇಕೆಂದು ಹೇಳುವಾಗ ಬರುವ ಹೆಸರು ಜಾಲಿ. ಹೀಬ್ರೂವಿನ ‘ಶಿಟ್ಟೀಮ್’ ಎಂಬ ಪದಕ್ಕೆ ನಮ್ಮ ಅನುವಾದಕರು ಹುಡುಕಿಕೊಂಡ ಮಾತು ಅದು. ಹುಡುಕಾಟ ಸರಿಯಾಗಿಯೇ ಇದೆ. ಸೀನಾಯಿ ಮರುಭೂಮಿಯ ಆ ಮುಳ್ಳುಮರ ಮತ್ತು ನಮ್ಮ ಎರೆಹೊಲದ ಬದುವಿನ ಕರಿಜಾಲಿ ಒಂದೇ ಕುಲದವು. (ಊರ ಸುತ್ತ ಹಬ್ಬಿರುವ ಬಳ್ಳಾರಿ ಜಾಲಿ ಬೇರೆ, ಅದು ಅಮೆರಿಕ ಖಂಡದಿಂದ ಬಂದದ್ದು.) ಇಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹಿರಿಯ ಬಡಿಗರೊಬ್ಬರಿಗೆ ಈ ಭಾಗವನ್ನು ಓದಿ ಹೇಳಿದಾಗ ಅವರು ನಕ್ಕರು: “ಜಾಲಿ ಅಂದ್ರ ಗಾಲಿಗೆ, ಕುಂಟಿಗೆ. ದೇವರ ಪೆಟ್ಟಿಗಿಗೆ ಸಾಗವಾನಿ ಸಿಗಲಿಲ್ಲೇನು ಅವರಿಗೆ?”

ಸಿಗಲಿಲ್ಲ. ಮರುಭೂಮಿಯಲ್ಲಿ ಇದ್ದದ್ದೇ ಅದು. ನನ್ನ ಪಿಎಚ್.ಡಿ. ವಿಷಯ ಈ ಸಾಮಾನುಗಳನ್ನು ಕ್ರೈಸ್ತರು ಹೇಗೆ ಓದಿಕೊಂಡರು ಎಂಬುದು. ಅದಕ್ಕಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಸಣ್ಣ ಸಣ್ಣ ಸಭೆಗಳಲ್ಲಿ ಕೂತು ಬೋಧನೆ ಕೇಳುತ್ತ, ಜನರೊಡನೆ ಮಾತಾಡುತ್ತ ತಿರುಗುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಸುತ್ತು. ದೇವದರ್ಶನದ ಗುಡಾರದ ಅಂಗಳ 100 ಮೊಳ ಉದ್ದ, 50 ಮೊಳ ಅಗಲ. ಪೂರ್ವದ ಬಾಗಿಲಿನಿಂದ ಒಳಬಂದರೆ ಮೊದಲು ತಾಮ್ರ ಹೊದಿಸಿದ ಯಜ್ಞವೇದಿ, ಆಮೇಲೆ ಕೈಕಾಲು ತೊಳೆಯುವ ತಾಮ್ರದ ದೊಡ್ಡ ಪಾತ್ರೆ. ಗುಡಾರದ ಒಳಗೆ ಉತ್ತರಕ್ಕೆ ಹನ್ನೆರಡು ರೊಟ್ಟಿ ಇಡುವ ಮೇಜು, ದಕ್ಷಿಣಕ್ಕೆ ಏಳು ದೀಪಗಳ ಚಿನ್ನದ ಕಂಬ, ಪರದೆಯ ಮುಂದೆ ಧೂಪವೇದಿ. ಪರದೆಯ ಆಚೆ ಎರಡೂವರೆ ಮೊಳ ಉದ್ದದ ಮಂಜೂಷ, ಅದರ ಮೇಲೆ ಮುಚ್ಚಳವಾಗಿ ಕೃಪಾಸನ.

ಕ್ರೈಸ್ತ ಓದು ಈ ದಾರಿಯಲ್ಲೇ ನಡೆಯುತ್ತದೆ. ವೇದಿ ಶಿಲುಬೆ, ಪಾತ್ರೆ ದೀಕ್ಷಾಸ್ನಾನ, ರೊಟ್ಟಿ ಮತ್ತು ದೀಪ ಕ್ರಿಸ್ತ, ಧೂಪ ಪ್ರಾರ್ಥನೆ, ಪರದೆ ಅವನ ದೇಹ. ಜಾಲಿ ಮನುಷ್ಯತ್ವ, ಅದಕ್ಕೆ ಹೊದಿಸಿದ ಚಿನ್ನ ದೈವತ್ವ. ಈ ಹೋಲಿಕೆಗಳೆಲ್ಲ ನಂತರದವರ ಕಲ್ಪನೆಯಲ್ಲ. ಕೆಲವು ಹೊಸ ಒಡಂಬಡಿಕೆಯಲ್ಲೇ ಇವೆ. ಇಬ್ರಿಯರಿಗೆ ಬರೆದ ಪತ್ರಿಕೆ ಗುಡಾರವನ್ನು ಬರಲಿರುವುದರ ನೆರಳೆಂದು ವಿವರಿಸುತ್ತದೆ. ಯೋಹಾನನ ಸುವಾರ್ತೆ ವಾಕ್ಯವು ನಮ್ಮ ನಡುವೆ ವಾಸಮಾಡಿತೆನ್ನಲು ಬಳಸುವ ಗ್ರೀಕ್ ಕ್ರಿಯಾಪದದ ಮೂಲಾರ್ಥ ಗುಡಾರ ಹಾಕುವುದು. ಕೃಪಾಸನಕ್ಕೆ ಗ್ರೀಕ್ ಅನುವಾದದಲ್ಲಿ ಇರುವ ಪದವನ್ನೇ ಪೌಲ ಕ್ರಿಸ್ತನಿಗೆ ಬಳಸಿದ್ದಾನೆ.

ಆದರೆ ನನಗೆ ಹೆಚ್ಚು ಹಿಡಿಸುವುದು ಅರ್ಥ ಹೇಳುವವರು ಅವಸರದಲ್ಲಿ ದಾಟಿಹೋಗುವ ವಿವರಗಳು. ಗುಡಾರದ ಒಳಗೆ ನೀಲಿ, ನೇರಳೆ, ಕೆಂಪು ನೂಲಿನ ನೇಯ್ಗೆ. ಅದರ ಮೇಲೆ ಮೇಕೆ ಕೂದಲಿನ 11 ಪರದೆಗಳು. ಅಂದರೆ ಆ ನೇಯ್ಗೆ ಕರಿ ಕಂಬಳಿ ಹೊದ್ದು ಕೂತಂತೆ ಇತ್ತೇನೋ. ಸಿಂದಗಿ ಕಡೆಯ ಕುರುಬರ ಹಟ್ಟಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೈಕಾಲು ತೊಳೆಯುವ ಪಾತ್ರೆಗೆ ಅಳತೆಯೇ ಇಲ್ಲ. ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಹೆಂಗಸರ ತಾಮ್ರದ ಕನ್ನಡಿಗಳಿಂದ ಅದನ್ನು ಮಾಡಿದರೆಂದಷ್ಟೇ ಇದೆ. ಎಷ್ಟು ಕನ್ನಡಿ ಬಂದವೋ ಅಷ್ಟು ದೊಡ್ಡ ಪಾತ್ರೆ ಎಂದು ನಾನು ಓದಿಕೊಳ್ಳುತ್ತೇನೆ.

ಧೂಪದ ವಿಷಯದಲ್ಲಿ ಮಣ್ಣೇ ಸಾಕ್ಷಿ ಹೇಳಿದೆ. ಇಸ್ರೇಲಿನ ದಕ್ಷಿಣದ ತೆಲ್ ಅರಾದ್‌ನಲ್ಲಿ 1960ರ ದಶಕದಲ್ಲಿ ಯೂದಾಯ ಕಾಲದ ಗುಡಿಯೊಂದು ಸಿಕ್ಕಿತು. ಅದರ ಗರ್ಭಗುಡಿಯ ಬಾಗಿಲಲ್ಲಿದ್ದ ಎರಡು ಕಲ್ಲಿನ ವೇದಿಗಳ ಮೇಲಿನ ಕಪ್ಪು ಪದರವನ್ನು ಪರೀಕ್ಷಿಸಿದ ವರದಿ 2020ರಲ್ಲಿ ಬಂತು. ಒಂದರ ಮೇಲೆ ಪ್ರಾಣಿಯ ಕೊಬ್ಬಿನೊಡನೆ ಬೆರೆಸಿದ ಸಾಂಬ್ರಾಣಿ, ಇನ್ನೊಂದರ ಮೇಲೆ ಸಗಣಿಯೊಡನೆ ಬೆರೆಸಿದ ಗಾಂಜಾ! ಸಣ್ಣ ಉರಿಯಲ್ಲಿ ನಿಧಾನವಾಗಿ ಹೊಗೆಯಾಡಲಿ ಎಂದು ಸಗಣಿ. ಕುಳ್ಳಿನ ಕೆಂಡದ ಮೇಲೆ ಲೋಬಾನ ಹಾಕುವ ನಮಗೆ ಈ ಉಪಾಯ ಹೊಸದಲ್ಲ. ‘ಧೂಪವೆಂದರೆ ಪ್ರಾರ್ಥನೆ’ ಎಂಬ ಒಂದೇ ಮಾತಿನಲ್ಲಿ ಈ ಸಗಣಿ, ಈ ಕೊಬ್ಬು, ಈ ಕೈಗಳು ಕಾಣೆಯಾಗುತ್ತವೆ.

ಬಾಗೇವಾಡಿಗೆ ಹೋದಾಗಲೆಲ್ಲ ಗುಡಾರವೂ ಒಂದು ಜಂಗಮವಲ್ಲವೇ ಎಂಬ ಯೋಚನೆ ಬರುತ್ತದೆ. ಅಲ್ಲಿ ಹುಟ್ಟಿದ ಬಸವಣ್ಣ ಹನ್ನೆರಡನೆಯ ಶತಮಾನದಲ್ಲಿ ಸ್ಥಾವರಕ್ಕಿಂತ ಜಂಗಮವನ್ನು ಮೇಲಿಟ್ಟವನು. ಮಂಜೂಷದ ಬಳೆಗಳಿಂದ ಹೊರುವ ಕೋಲುಗಳನ್ನು ಎಂದೂ ತೆಗೆಯಬಾರದೆಂಬ ವಿಧಿಯಿದೆ. ದೇವರು ಯಾವಾಗ ಬೇಕಾದರೂ ಹೊರಡಬಹುದು. ದಾವೀದನು ದೇವದಾರಿನ ಮನೆ ಕಟ್ಟುತ್ತೇನೆಂದಾಗ, ಅಂಥ ಮನೆಯನ್ನು ನಾನು ಯಾರಲ್ಲಿ ಕೇಳಿದ್ದೆ ಎಂಬರ್ಥದ ಉತ್ತರ ಬರುತ್ತದೆ. ಆದರೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಮಂಜೂಷವನ್ನು ಹೊರುತ್ತಿದ್ದವರು ಕೆಹಾತನ ವಂಶದವರು. ಯಾಜಕರು ಎಲ್ಲವನ್ನೂ ಮುಚ್ಚಿ ಕಟ್ಟಿದ ಮೇಲೆಯೇ ಅವರು ಬರಬೇಕು. ಮುಟ್ಟಿದರೂ ನೋಡಿದರೂ ಸಾವು. ಹೆಗಲು ಅವರದು, ನೋಟ ಬೇರೆಯವರದು. ಗುಡಾರ ನಡೆದಾಡಿತು, ಅದರೊಳಗಿನ ಮೇಲುಕೀಳು ನಿಂತಲ್ಲೇ ನಿಂತಿತ್ತು. ಪಲ್ಲಕ್ಕಿ ಹೊತ್ತವರಿಗೆ, ಹಲಗೆ ಬಾರಿಸಿದವರಿಗೆ ಗುಡಿಯ ಒಳಗು ಸಿಗದ ಕತೆ ನಮ್ಮ ಸೀಮೆಯಲ್ಲಿ ಹಳೆಯದೇನಲ್ಲ.

ಮುದ್ದೇಬಿಹಾಳ ತಾಲ್ಲೂಕಿನ ಪ್ರಾರ್ಥನಾಕೂಟವೊಂದರಲ್ಲಿ ವಯಸ್ಸಾದ ಹೆಂಗಸೊಬ್ಬರು ನನ್ನನ್ನು ಕೇಳಿದ್ದು ಇದನ್ನೇ: “ಆ ಪರದೆ ಒಳಗ ಯಾರ್ ಹೋಗತಿದ್ರು?” ಒಬ್ಬನೇ ಮಹಾಯಾಜಕ, ವರ್ಷಕ್ಕೆ ಒಂದೇ ದಿನ ಎಂದೆ. ಯೇಸು ಸತ್ತಾಗ ದೇವಾಲಯದ ಪರದೆ ಮೇಲಿನಿಂದ ಕೆಳಗಿನವರೆಗೆ ಹರಿದ ಪ್ರಸಂಗ ಅವರಿಗೆ ಬಾಯಿಪಾಠ. “ಹಂಗಾರ ಹರಿದದ್ದ ಛಲೋ ಆತು” ಎಂದರು. ಚಿಕ್ಕಂದಿನಲ್ಲಿ ಜಾತ್ರೆಗೆ ಹೋದರೆ ಹೊರಗೆ ನಿಂತು, ತೆಂಗಿನಕಾಯಿಯನ್ನು ಇನ್ನೊಬ್ಬರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದುದನ್ನು ಆಮೇಲೆ ಹೇಳಿದರು. ಪರದೆಯ ಸಂಕೇತದ ಬಗ್ಗೆ ನಾನು ಓದಿದ ಯಾವ ವ್ಯಾಖ್ಯಾನವೂ ಇಷ್ಟು ನೇರವಾಗಿರಲಿಲ್ಲ.

ಆದರೂ ಅದೇ ಹರಿದ ಪರದೆಗೆ ಇನ್ನೊಂದು ಚರಿತ್ರೆಯಿದೆ. ಹದಿಮೂರನೆಯ ಶತಮಾನದ ಸ್ಟ್ರಾಸ್‌ಬರ್ಗ್ ಕೆಥೆಡ್ರಲ್ಲಿನ ಬಾಗಿಲಲ್ಲಿ ಇಬ್ಬರು ಹೆಂಗಸರ ಶಿಲ್ಪಗಳಿದ್ದವು: ಕಿರೀಟ ತೊಟ್ಟ ಕ್ರೈಸ್ತ ಸಭೆ, ಮುರಿದ ಕೋಲು ಹಿಡಿದ, ಕಣ್ಣಿಗೆ ಬಟ್ಟೆ ಕಟ್ಟಿದ ಯೆಹೂದಿ ಸಭೆ. ನಿಮ್ಮ ಗ್ರಂಥದ ಅರ್ಥ ನಮಗೆ ಗೊತ್ತು, ನಿಮಗೆ ಕಾಣದು ಎಂಬ ಮಾತು ಕಲ್ಲಿನಲ್ಲಿ ನಿಂತಿತ್ತು. ರೋಮಿನ ಟೈಟಸ್ ಕಮಾನಿನ ಮೇಲೆ ಕ್ರಿ.ಶ. 70ರಲ್ಲಿ ಯೆರೂಸಲೇಮಿನಿಂದ ಲೂಟಿಯಾದ ದೀಪಸ್ತಂಭ, ರೊಟ್ಟಿಯ ಮೇಜು ಇಂದಿಗೂ ಸೈನಿಕರ ಹೆಗಲ ಮೇಲಿವೆ. ಅವುಗಳನ್ನು ಕಳೆದುಕೊಂಡವರ ಪಾಲಿಗೆ ಅವು ಯಾವುದರ ನೆರಳೂ ಆಗಿರಲಿಲ್ಲ. ಕಳೆದುಕೊಂಡ ಮೇಲೆ ಅವರೂ ಹೊಸ ಅರ್ಥ ಕಟ್ಟಿಕೊಂಡರು: ದೇವಾಲಯ ಇಲ್ಲದಿರುವಾಗ ಮನೆಯ ಊಟದ ಮೇಜೇ ವೇದಿಯ ಕೆಲಸ ಮಾಡುತ್ತದೆಂದು ಟಾಲ್ಮಡ್ ಹೇಳುತ್ತದೆ. ಒಂದೇ ಗುಡಾರದಿಂದ ಹೊರಟ ಎರಡು ದಾರಿಗಳಿವು. ಒಂದು ಇನ್ನೊಂದನ್ನು ಕುರುಡೆನ್ನಬೇಕಾಗಿಲ್ಲ.

ಮುದ್ದೇಬಿಹಾಳದ ಆ ಅಜ್ಜಿಯ ಓದನ್ನು ಬಿಡಲು ನನಗೆ ಮನಸ್ಸಿಲ್ಲ, ಕಣ್ಣಿಗೆ ಬಟ್ಟೆ ಕಟ್ಟಿದ ಆ ಶಿಲ್ಪವನ್ನು ಮರೆಯಲೂ ಆಗದು. ಸಿಂದಗಿ ತಾಲ್ಲೂಕಿನ ಗೋಲಗೇರಿಯಲ್ಲಿ ಗೊಲ್ಲಾಳನ ಐತಿಹ್ಯ ಕೇಳಿದಾಗ ಒಂದು ದಾರಿ ತೋರಿತು. ಶ್ರೀಶೈಲದ ಲಿಂಗವೆಂದು ನಂಬಿ ಅವನು ಪೂಜಿಸಿದ್ದು ಕುರಿಯ ಹಿಕ್ಕೆಯನ್ನು. ಈ ಕತೆ ಹೇಳುವವರು ಅದು ಹಿಕ್ಕೆ ಎಂಬುದನ್ನು ಎಂದೂ ಮುಚ್ಚಿಡುವುದಿಲ್ಲ. ಹಿಕ್ಕೆ ಹಿಕ್ಕೆಯಾಗಿದ್ದುಕೊಂಡೇ ಲಿಂಗವಾಗುತ್ತದೆ. ಸಂಕೇತವಾಗಲು ವಸ್ತು ತನ್ನನ್ನು ತಾನು ಅಳಿಸಿಕೊಳ್ಳಬೇಕಿಲ್ಲ.

ಹಾಗಾಗಿ ನನ್ನ ಪ್ರಬಂಧದ ಅಧ್ಯಾಯಗಳ ಕ್ರಮವನ್ನು ಬದಲಿಸಿದ್ದೇನೆ. ಮೊದಲು ಮರ, ಮೊಳ, ಕಂಬಳಿ, ಕನ್ನಡಿ, ಹೊತ್ತವರ ಹೆಗಲು. ಆಮೇಲೆ ಯೆಹೂದಿಗಳ ನೆನಪು. ಆಮೇಲಷ್ಟೇ ಕ್ರಿಸ್ತ. ಜಾಲಿ ಮತ್ತು ಚಿನ್ನದ ಅಧ್ಯಾಯ ಬರೆಯುವಾಗ ಇಂಡಿಯ ಬಡಿಗರು ಕೊನೆಗೆ ಹೇಳಿದ್ದನ್ನು ಎದುರಿಗೆ ಇಟ್ಟುಕೊಂಡಿದ್ದೇನೆ: “ಎಷ್ಟ ಬಂಗಾರ ಬಡದ್ರೂ ಭಾರ ತಡಿಯೂದು ಕಟ್ಟಿಗೀನ.”