ಸಾಧು ಹಾವಿನ ಸಿಟ್ಟು

ಅಮೆರಿಕ, ಬ್ರಿಟನ್ನುಗಳ ಹವ್ಯಾಸಿಗಳು ಮನೆಯಲ್ಲಿ ಸಾಕುವ ಹಾವುಗಳ ಪೈಕಿ ಸಾಧುತನಕ್ಕೆ ಹೆಸರಾದದ್ದು ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್. ಹೆದರಿದಾಗ ತಲೆಯನ್ನು ಸುರುಳಿಯ ನಡುವೆ ಹುದುಗಿಸಿಕೊಂಡು ಚೆಂಡಾಗುವ ಈ ಪುಟ್ಟ ಹೆಬ್ಬಾವು ಒಂದು ಸಂಜೆ ಪೆಟ್ಟಿಗೆಯ ಮುಚ್ಚಳ ತೆರೆದೊಡನೆ ಕತ್ತನ್ನು ಡೊಂಕಾಗಿ ಹಿಂದಕ್ಕೆಳೆದು ಬುಸುಗುಟ್ಟಿದರೆ, ಅದರ ಗುಣವೇ ಕೆಟ್ಟಿತೆಂದು ಸಾಕಿದವರು ತೀರ್ಪು ಕೊಟ್ಟುಬಿಡುತ್ತಾರೆ. ಗುಣವನ್ನು ಬಿಟ್ಟು ಕಣ್ಣನ್ನು ನೋಡಿದ್ದರೆ ಅನೇಕ ಸಲ ಕಾರಣ ಅಲ್ಲಿಯೇ ಸಿಗುತ್ತಿತ್ತು. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಕಾಯುವುದು ಪಾರದರ್ಶಕವಾದ ಒಂದು ಹೊದಿಕೆ. ಪೊರೆ ಬಿಡುವ ಮುನ್ನ ಹಳೆಯ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ದ್ರವ ಸೇರುವುದರಿಂದ ಆ ಹೊದಿಕೆ ನೀಲಿಗಟ್ಟಿ ಮಂಕಾಗುತ್ತದೆ, ಮತ್ತು ಮಂಜಿನೊಳಗಿಂದ ಲೋಕವನ್ನು ನೋಡುತ್ತಿರುವ ಪ್ರಾಣಿಗೆ ಮೇಲಿನಿಂದಿಳಿಯುವ ಕೈಯೆಂದರೆ ಹದ್ದಿನ ಪಂಜವೇ. ಪೊರೆ ಕಳಚುವುದಕ್ಕೆ ಕೆಲವು ದಿನ ಮೊದಲೇ ಕಣ್ಣು ಮತ್ತೆ ತಿಳಿಯಾಗುವುದರಿಂದ, ಎಲ್ಲವೂ ಮುಗಿಯಿತೆಂದು ಭ್ರಮಿಸಿ ಕೈಹಾಕುವವರೂ ಇದ್ದಾರೆ.

ಇನ್ನು ಕೊಕ್ಕೆಯ ವಿಚಾರ. ತುದಿ ಬಾಗಿದ ಲೋಹದ ಕಡ್ಡಿಯಿಂದ ಹಾವನ್ನು ಮೆಲ್ಲನೆ ಮುಟ್ಟಿ, ಬಂದದ್ದು ಊಟವಲ್ಲವೆಂದು ತಿಳಿಸಿ, ಆಮೇಲೆ ಎತ್ತುವ ಪದ್ಧತಿಗೆ ಅರ್ಥವಿದೆ. ಈ ಹೆಬ್ಬಾವಿನ ತುಟಿಯಂಚಿನಲ್ಲಿ ಶಾಖವನ್ನು ಗ್ರಹಿಸುವ ಕುಳಿಗಳಿರುವುದರಿಂದ, ಇಲಿಯ ವಾಸನೆ ಹತ್ತಿದ ಬೆಚ್ಚನೆಯ ಕೈ ಅದಕ್ಕೆ ಇಲಿಯೇ ಆಗಬಹುದು. ಆದರೆ ಊಟವೆಂದು ಭ್ರಮಿಸಿದ ಹಾವು ಕಚ್ಚಿ ಹಿಡಿದು ಸುತ್ತಿಕೊಳ್ಳುತ್ತದೆ, ಹೆದರಿದ್ದು ಕಚ್ಚಿ ತಟಕ್ಕನೆ ಬಿಟ್ಟು ಹಿಂದೆ ಸರಿಯುತ್ತದೆ. ಕೊಕ್ಕೆ ಮೊದಲಿನದಕ್ಕೆ ಮದ್ದೇ ಹೊರತು ಎರಡನೆಯದಕ್ಕಲ್ಲ. ನಡುಮೈಯನ್ನು ಸವರಬೇಕಾದ ಕಡ್ಡಿಯಿಂದ, ಆಗಲೇ ನಡುಗುತ್ತಿರುವ ಹಾವಿನ ಮೂತಿಗೆ ಟಕಟಕನೆ ಬಡಿದು, ಅದನ್ನೇ ತರಬೇತಿಯೆಂದು ಹೊಸಬರಿಗೆ ಬೋಧಿಸುವ ಪಂಡಿತರಿದ್ದಾರೆ. ಇಂಥ ಶಿಕ್ಷಣದಿಂದ ಹಾವು ಕಲಿಯುವುದು ಒಂದೇ: ಮುಚ್ಚಳ ತೆರೆದರೆ ಪೆಟ್ಟು ಬೀಳುತ್ತದೆ. ಮುಂದಿನ ಸಲ ಅದು ಇನ್ನೂ ಬೇಗ ಎರಗಿದಾಗ ಕಡ್ಡಿಯನ್ನು ಇನ್ನೂ ಉದ್ದ ಮಾಡುತ್ತಾರೆ. ಧೈರ್ಯ ಸಾಲದಿರುವುದು ಸಾಕಿದವನಿಗೆ, ಪೆಟ್ಟು ತಿನ್ನುವುದು ಹಾವು. ಸ್ಥಳೀಯ ಹಾವುಗಳನ್ನು ಸಾಕುವುದು ಕಾನೂನಿಗೆ ವಿರುದ್ಧವಾದ ಕರ್ನಾಟಕದಲ್ಲಿ, ಬಚ್ಚಲಿಗೆ ನುಗ್ಗಿದ ಹಾವನ್ನು ಕಾಡಿಗೆ ಬಿಡುವವರ ಕೈಯಲ್ಲಿಯೂ ಕೊಕ್ಕೆಯುಂಟು. ಅಲ್ಲಿ ಅದು ಇರುವುದು ಎತ್ತುವುದಕ್ಕೆ, ಬಡಿಯುವುದಕ್ಕಲ್ಲ.

ಹೆದರಿಕೆಯ ಪ್ರದರ್ಶನದಲ್ಲಿ ಉತ್ತರ ಅಮೆರಿಕದ ಹಾಗ್‌ನೋಸ್ ಹಾವಿಗೆ ಸಾಟಿಯಿಲ್ಲ. ಮೇಲೆದ್ದ ಮೂತಿಯ ಈ ಹಾವು ಮೊದಲು ಕತ್ತನ್ನು ಚಪ್ಪಟೆಯಾಗಿ ಅಗಲಿಸಿ ನಾಗರದಂತೆ ನಟಿಸುತ್ತದೆ, ಬಾಯಿ ಮುಚ್ಚಿಕೊಂಡೇ ಎರಗುತ್ತದೆ, ಅದಕ್ಕೂ ಎದುರಾಳಿ ಜಗ್ಗದಿದ್ದರೆ ಅಂಗಾತ ಬಿದ್ದು, ಬಾಯಿ ತೆರೆದು, ನಾಲಗೆ ಜೋತುಬಿಟ್ಟು, ದುರ್ವಾಸನೆ ಸೂಸಿ ಸಾಯುತ್ತದೆ. ಯಾರಾದರೂ ಅದನ್ನು ಕವುಚಿ ಮಲಗಿಸಿದರೆ ಒಡನೆ ಮತ್ತೆ ಅಂಗಾತವಾಗುತ್ತದೆ. ಸತ್ತ ಹಾವು ಹೇಗೆ ಮಲಗಬೇಕೆಂಬ ವಿಷಯದಲ್ಲಿ ಅದಕ್ಕೆ ರಾಜಿಯಿಲ್ಲ. ಬಾಲ್ ಪೈಥಾನಿನ ಒಂದು ಬುಸುಗುಟ್ಟುವಿಕೆಯನ್ನು ಕ್ಷಮಿಸದ ಸಾಕುಗಾರರು, ಪ್ರಾಣಭಯದಿಂದ ಹುಟ್ಟಿದ ಈ ನಾಟಕವನ್ನು ಮಾತ್ರ ನೆಂಟರು ಬಂದಾಗಲೆಲ್ಲ ಆಡಿಸಿ ನಗುತ್ತಾರೆ.