ತಾತನ ಸೈಕಲ್ಲಿಗೆ ಡೈನಮೋ ಹುಡುಕಿದ್ದು

ಪಾಲಹಳ್ಳಿ ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ. ಶ್ರೀರಂಗಪಟ್ಟಣದಿಂದ ಬೆಳಗೊಳದ ಕಡೆ ಹೋಗುವಾಗ ಸಿಗುವ ಊರು. ವಿರಿಜಾ ನಾಲೆ ನೀರು, ಭತ್ತ, ಕಬ್ಬು. 1847ರಲ್ಲೇ ಇಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿತ್ತು. ಮಂಡ್ಯದ ಮೈಶುಗರ್ ಬಂದಿದ್ದು 1933ರಲ್ಲಿ. (ಮಂಡ್ಯದ ಫ್ರೆಂಡ್ಸ್ ಮುಂದೆ ಈ ವಿಷಯ ಎತ್ತಿ ನೋಡಿ, ಮಜಾ ಇರುತ್ತೆ.) ತಾತನ ಕಾಲಕ್ಕೆ ಆ ಕಾರ್ಖಾನೆ ಇರಲಿಲ್ಲ, ಆಲೆಮನೆಗಳಿದ್ದವು. ತಾತ ಬೆಲ್ಲದ ಲೆಕ್ಕ ಬರೆಯೋಕೆ ಒಂದು ಆಲೆಮನೆಯಿಂದ ಇನ್ನೊಂದಕ್ಕೆ ಹೋಗ್ತಿದ್ದದ್ದು ಸೈಕಲ್ಲಿನಲ್ಲಿ.

ಆ ಸೈಕಲ್ಲು ಹೋದ ವರ್ಷ ಕೊಟ್ಟಿಗೆಯಲ್ಲಿ ಸಿಕ್ಕಿತು. ಮೇಲೆ ಗೋಣಿಚೀಲ, ಕೆಳಗೆ ಕೋಳಿ ಗೂಡು. ರ‍್ಯಾಲಿ ಅಂತ ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದರು. ನಾನು ಆಫೀಸಿನಲ್ಲಿ "ಇಂಗ್ಲೆಂಡಿನ ವಿಂಟೇಜ್ ಸೈಕಲ್" ಅಂತ ಫೋಟೋ ಕಳಿಸಿ ಒಂದು ವಾರ ಮೆರೆದೆ. ಊರಿನ ಸೈಕಲ್ ಶಾಪ್ ಮಾವ ಮುಂದಿನ ಬಿಲ್ಲೆಯ ಮೇಲಿನ ಮಣ್ಣು ಉಜ್ಜಿ ನಕ್ಕರು. "ಇಂಗ್ಲೆಂಡೂ ಇಲ್ಲ ಏನೂ ಇಲ್ಲ ಕಣ್ಲಾ ಮಗ, ಬಂಗಾಳದ್ದು." ಅದು ಸೆನ್-ರ‍್ಯಾಲಿ. ಸ್ವಾತಂತ್ರ್ಯ ಬಂದ ಮೇಲೆ ನಾಟಿಂಗ್‌ಹ್ಯಾಮಿನ ರ‍್ಯಾಲಿ ಕಂಪನಿ ಜೊತೆ ಸೇರಿ ಆಸನ್‌ಸೋಲ್‌ನಲ್ಲಿ ಕಟ್ಟಿದ ಕಾರ್ಖಾನೆಯದು. ಆಫೀಸ್ ಗ್ರೂಪಿಗೆ ಇದನ್ನಿನ್ನೂ ಹೇಳಿಲ್ಲ.

ಕೆಲಸ ಶುರುವಾದ ಮೇಲೆ ಗೊತ್ತಾಗಿದ್ದು, ಹಳೇ ಸೈಕಲ್ಲಿನಲ್ಲಿ ಕಷ್ಟ ಅನ್ನಿಸೋದು ಸುಲಭ, ಸುಲಭ ಅನ್ನಿಸೋದು ಕಷ್ಟ. ಟಯರ್ ಸಿಗಲ್ಲ ಅಂದುಕೊಂಡಿದ್ದೆ. 28 x 1½ ಸೈಜು ಇವತ್ತಿಗೂ ನಮ್ಮ ಕಡೆ ಹಾಲು ಹಾಕುವವರ ಸೈಕಲ್ಲಿನದೇ, ಹತ್ತು ನಿಮಿಷದಲ್ಲಿ ಬಂತು. ಆದರೆ ಪೆಡಲ್ ಕಡ್ಡಿಯ ಕಾಟರ್ ಪಿನ್ನು ಜಪ್ಪಯ್ಯ ಅನ್ನಲಿಲ್ಲ. ನಾನು ಸುತ್ತಿಗೆ ಎತ್ತಿದ್ದಕ್ಕೆ ಮಾವ ಕೈಯಿಂದ ಕಿತ್ತುಕೊಂಡರು. ಎರಡು ರಾತ್ರಿ ಸೀಮೆಎಣ್ಣೆ ಬಿಟ್ಟು, ಕಡ್ಡಿ ಕೆಳಗೆ ಕಬ್ಬಿಣದ ಪೈಪು ಆನಿಸಿ, ಒಂದೇ ಏಟು. ರಿಮ್ಮಿನ ತುಕ್ಕಿಗೆ ಯೂಟ್ಯೂಬ್ ನೋಡಿ ಅಲ್ಯೂಮಿನಿಯಂ ಫಾಯಿಲ್ ಒದ್ದೆ ಮಾಡಿ ಉಜ್ಜಿದೆ. ಅದು ಮಾತ್ರ ನಿಜವಾಗಲೂ ಕೆಲಸ ಮಾಡುತ್ತೆ, ಮಾವನೂ ಒಪ್ಪಿಕೊಂಡರು.

ತಪ್ಪು ಮಾಡಿದ್ದು ಬಣ್ಣದಲ್ಲಿ. ಅಪ್ಪ "ಹಂಗೇ ಇರ್ಲಿ ಬಿಡು" ಅಂದಿದ್ದರು. ನಾನು ಕೇಳಲಿಲ್ಲ. ಫ್ರೇಮು, ಫೋರ್ಕು ಎರಡನ್ನೂ ಮೈಸೂರಿಗೆ ಒಯ್ದು, ಹಳೇ ಬಣ್ಣ ಪೂರಾ ತೆಗೆಸಿ, ಕಪ್ಪು ಪೌಡರ್ ಕೋಟಿಂಗ್ ಮಾಡಿಸಿಕೊಂಡು ಬಂದೆ. ಗಾಜಿನ ಹಾಗೆ ಹೊಳೆಯುತ್ತಿತ್ತು. ಅಪ್ಪ ಬಂದು ಬಾರಿನ ಮೇಲೆ ಬೆರಳಾಡಿಸಿದರು, ಏನೋ ಹುಡುಕುವವರ ಹಾಗೆ. ಅಲ್ಲಿ ತಾತನ ಹೆಸರು ಹಳದಿ ಬಣ್ಣದಲ್ಲಿ ಬರೆದಿತ್ತಂತೆ. ಧೂಳಿನಲ್ಲಿ ನಾನು ನೋಡಿರಲಿಲ್ಲ. ಅಪ್ಪ ಏನೂ ಅನ್ನಲಿಲ್ಲ, ಕೈ ಒರೆಸಿಕೊಂಡು ಒಳಗೆ ಹೋದರು.

ಇನ್ನು ಉಳಿದಿದ್ದು ಲೈಟು. ಮುಂದೆ ದೀಪದ ಬ್ರಾಕೆಟ್ ಇದೆ, ದೀಪ ಇಲ್ಲ. ಫೋರ್ಕಿನಲ್ಲಿ ಡೈನಮೋ ಕಚ್ಚಿದ್ದ ಗುರುತು ಇತ್ತು, ಡೈನಮೋ ಇಲ್ಲ. "ಯಾರು ಕಳೆದರು ಅದನ್ನ?" ಅಂತ ಮನೆಯಲ್ಲಿ ನಾಲ್ಕು ಸಲ ಕೇಳಿರಬೇಕು. ಉತ್ತರ ಸಿಕ್ಕಿದ್ದು ಶಾಪಿನಲ್ಲಿ. "ಕಳೀಲಿಲ್ಲ ಕಣಪ್ಪ. ನಿಮ್ಮಪ್ಪನ್ನ ಪಿಯುಸಿಗೆ ಸೇರಿಸೋವಾಗ ನಿಮ್ಮ ತಾತ ನನಗೇ ಮಾರಿದ್ರು. ಆಮೇಲೆ ಕೈಯಲ್ಲಿ ಬ್ಯಾಟರಿ ಹಿಡ್ಕೊಂಡು ಓಡಾಡೋರು." ಆಗ ರಾತ್ರಿ ದೀಪ ಇಲ್ಲದೆ ಸೈಕಲ್ ಹೊಡೆದರೆ ಪೊಲೀಸರು ಹಿಡಿಯುತ್ತಿದ್ದರು. ಅಪ್ಪನಿಗೆ ಇದು ಗೊತ್ತಾ ಅಂತ ಕೇಳಿದೆ. "ಅವನೇ ತಾನೆ ತಳ್ಕೊಂಡು ಬಂದಿದ್ದು."

ಬೆಂಗಳೂರಿನ ಸಂಡೇ ಬಜಾರಿಗೆ ಮೂರು ಭಾನುವಾರ ಹೋದೆ. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು, ಲೇಟಾದರೆ ಬರೀ ಮೊಬೈಲ್ ಚಾರ್ಜರ್ ಉಳಿದಿರುತ್ತೆ. ಮೂರನೇ ವಾರ ಬಾಟಲಿ ಆಕಾರದ ಹಳೇ ಡೈನಮೋ, ಗಾಜು ಒಡೆಯದ ಮುಂದಿನ ದೀಪ ಸಿಕ್ಕಿದವು. 6 ವೋಲ್ಟ್, 3 ವ್ಯಾಟ್. ಅಷ್ಟರಲ್ಲಿ 2.4 ಮುಂದಿನ ಬಲ್ಬಿಗೆ, 0.6 ಹಿಂದಿನದಕ್ಕೆ. ನಿಮ್ಮ ಫೋನ್ ಚಾರ್ಜರ್ ಇದಕ್ಕಿಂತ ಜಾಸ್ತಿ ಕೊಡುತ್ತೆ.

ಕೂರಿಸಿ ಚಕ್ರ ತಿರುಗಿಸಿದರೆ ದೀಪ ಹತ್ತಲಿಲ್ಲ. ಮಲ್ಟಿಮೀಟರ್ ತಂದೆ, ಡೈನಮೋ ಸರಿಯಾಗಿದೆ, ಬಲ್ಬೂ ಸರಿಯಾಗಿದೆ. ಇಂಜಿನಿಯರಿಂಗ್ ಓದಿದವನು ಅರ್ಧ ಗಂಟೆ ತಲೆ ಕೆರೆದುಕೊಂಡೆ. ಮಾವ ಬಂದು ಸ್ಕ್ರೂಡ್ರೈವರ್ ತೆಗೆದುಕೊಂಡು, ಡೈನಮೋ ಕೂರುವ ಜಾಗದಲ್ಲೂ ದೀಪದ ಬ್ರಾಕೆಟ್ ಕೂರುವ ಜಾಗದಲ್ಲೂ ನನ್ನ ಹೊಸ ಬಣ್ಣವನ್ನು ಕಬ್ಬಿಣ ಕಾಣುವವರೆಗೆ ಕೆರೆದರು. ಈ ಡೈನಮೋದಿಂದ ದೀಪಕ್ಕೆ ಹೋಗೋದು ಒಂದೇ ವೈರು. ಕರೆಂಟು ವಾಪಸ್ ಬರೋದು ಸೈಕಲ್ಲಿನ ಮೈಯಿಂದಲೇ. ದಪ್ಪ ಪೌಡರ್ ಕೋಟಿಂಗ್ ಅದನ್ನು ತಡೆದಿತ್ತು. ಚಕ್ರ ತಿರುಗಿಸಿದರು, ಹಳದಿ ಬೆಳಕು ಬಂತು.

ಸಂಜೆ ಮನೆಗೆ ತಂದೆ. ಅಪ್ಪ ಡೈನಮೋ ಮುಟ್ಟಿ ನೋಡಿ, "ಎಷ್ಟು ಕೊಟ್ಟೆ?" ಅಂದರು. ಹೇಳಿದೆ. "ತಾತ ಫೀಸಿಗೆ ಕಟ್ಟಿದ್ದಕ್ಕಿಂತ ಜಾಸ್ತಿ ಆಯ್ತು," ಅಂದು ಪಂಚೆ ಎತ್ತಿ ಕಟ್ಟಿ ಹತ್ತಿದರು. ಕತ್ತಲಲ್ಲಿ ನಾಲೆ ಕಡೆ ಹೊರಟರು, ಡೈನಮೋ ಗೊರ‍್ರ್ ಅನ್ನುತ್ತಿತ್ತು. ಸೇತುವೆ ಹತ್ತಿರ ದೀಪ ಮಂಕಾಗಿ ಆರಿಹೋಯಿತು. ನಾನು ಓಡಿದೆ. ಬಿದ್ದಿರಲಿಲ್ಲ, ಕಾಲೂರಿ ನಿಂತಿದ್ದರು, ಅಷ್ಟೇ. ಚಕ್ರ ನಿಂತರೆ ಈ ದೀಪವೂ ನಿಲ್ಲುತ್ತೆ.

"ಬಾರಿನ ಮೇಲೆ ಹೆಸರು ಬರೆಸು," ಅಂದರು. ಬೋರ್ಡ್ ಬರೆಯುವವರು ಈಗ ಎಲ್ಲರೂ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾರೆ. ಕೈಯಲ್ಲಿ ಬರೆಯುವವರು ಶ್ರೀರಂಗಪಟ್ಟಣದ ಕಡೆ ಯಾರಾದರೂ ಗೊತ್ತಿದ್ದರೆ ತಿಳಿಸಿ.