ಕಾಲುವಿಗೆ ಅರ್ಧ ಟಿಕೆಟ್

ನನ್ನ ನಾನಾ ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ಕೆಲಸ ಮಾಡಿ ವಯಸ್ಸಾದವರು. ನಾನಿ ತೀರಿಕೊಂಡ ಮೇಲೆ ಮೈಸೂರಿನ ನಮ್ಮ ಮನೆಗೆ ಬನ್ನಿ ಎಂದು ಅಮ್ಮಿ ಎಷ್ಟು ಕರೆದರೂ ಬರಲಿಲ್ಲ. ಕಾರಣ ಕಾಲು. ಉರ್ದುವಿನಲ್ಲಿ ಕಾಲು ಎಂದರೆ ಕರಿಯ. ನಾನಾ ಸಾಕಿದ ಹತ್ತು ವರ್ಷದ ನಾಯಿ ಅದು. ಮನೆಯೊಳಗೆ ನಾಯಿ ಬಂದರೆ ನಮಾಜಿನ ಜಾಗದ ಗತಿಯೇನು ಎಂಬುದು ಅಮ್ಮಿಯ ಚಿಂತೆ. ಸೂರಃ ಕಹಫ್‌ನಲ್ಲಿ ಗುಹೆಯವರ ಜೊತೆ ಹೋದ ನಾಯಿಯೂ ಬಾಗಿಲಲ್ಲೇ ಇತ್ತು, ಇದೂ ಬಾಗಿಲಲ್ಲೇ ಇರುತ್ತದೆ ಎಂದರು ನಾನಾ. ಅಮ್ಮಿ ಒಪ್ಪಿದರು. ಅಬ್ಬುಗೆ ಅಂಗಡಿ ಬಿಡಲಾಗದು, ಹಾಗಾಗಿ ದಸರಾ ರಜೆಯಲ್ಲಿ ಇಬ್ಬರನ್ನೂ ಕರೆತರುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ರೈಲಿನ ನಿಯಮ ನೋಡಿದೆ. ಎಸಿ ಫಸ್ಟ್ ಕ್ಲಾಸಿನಲ್ಲಿ ಎರಡು ಬರ್ತಿನ ಕೂಪೆಯೋ ನಾಲ್ಕು ಬರ್ತಿನ ಕ್ಯಾಬಿನ್ನೋ ಪೂರ್ತಿ ನಮ್ಮದೇ ಆಗಿದ್ದರೆ ನಾಯಿ ನಮ್ಮ ಜೊತೆ ಇರಬಹುದು. ಇಲ್ಲದಿದ್ದರೆ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ, ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆಗೆ ಹಾಕಬೇಕು. ಅದರ ಅನ್ನ ನೀರು ನಮ್ಮದೇ ಜವಾಬ್ದಾರಿ. ಮೊದಲನೆಯದಕ್ಕೆ ದುಡ್ಡಿಲ್ಲ, ಎರಡನೆಯದಕ್ಕೆ ನಾನಾ ಒಪ್ಪಲಿಲ್ಲ.

ಉಳಿದದ್ದು ಕೆಎಸ್‌ಆರ್‌ಟಿಸಿ ಕೆಂಪು ಬಸ್ಸು. ಮೊದಲು ನಾಯಿಗೂ ಪೂರ್ತಿ ಟಿಕೆಟ್ ಇತ್ತು, 2022ರಲ್ಲಿ ಅರ್ಧ ಮಾಡಿದರು. ಸರಪಳಿ ಹಾಕಿರಬೇಕು, ಎಸಿ ಬಸ್ಸಿಗೆ ಹತ್ತಿಸುವಂತಿಲ್ಲ. ಕಂಡಕ್ಟರ್ ಅದರ ಹೆಸರು ಕೇಳಿದರು. "ಕಾಲು" ಎಂದೆ. "ಕಾಲು ಇಲ್ಲಮ್ಮಾ, ಅರ್ಧಾನೇ" ಎಂದರು! ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನನಗೆ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್, ನಾನಾಗೆ ಹಿರಿಯ ನಾಗರಿಕರ 25% ರಿಯಾಯಿತಿ, ಕಾಲುವಿಗೆ ಅರ್ಧ. ಮೂವರಿಗೆ ಮೂರು ದರ. ನಮ್ಮ ಅಕೌಂಟೆನ್ಸಿ ಮೇಡಂ ಇದನ್ನು ಪರೀಕ್ಷೆಗೆ ಕೊಡಬಹುದು.

ಕಷ್ಟ ಶುರುವಾದದ್ದು ಹಾಸನದಲ್ಲಿ. ಮರುದಿನ ಬೆಳಿಗ್ಗೆ ನಾನಾಗೆ ಕಣ್ಣಿನ ತಪಾಸಣೆ ಇತ್ತು, ರಾತ್ರಿ ಅಲ್ಲೇ ಉಳಿಯಬೇಕು. ಮಗ್ರಿಬ್‌ಗೆ ನಾನಾ ಮಸೀದಿಗೆ ಹೋದಾಗ ನಾನು ರಸ್ತೆಯಾಚೆ ಸರಪಳಿ ಹಿಡಿದು ನಿಂತು ಫೋನಿನಲ್ಲಿ ಹುಡುಕಿದೆ. "ಪೆಟ್ ಫ್ರೆಂಡ್ಲಿ" ಎಂದು ಬಂದವೆಲ್ಲ ಊರಾಚೆಯ ಹೋಮ್‌ಸ್ಟೇಗಳು. ಅಲ್ಲಿಗೆ ಹೋಗಲು ಕಾರು ಬೇಕು, ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ನಾಯಿ ಜೊತೆ ಪ್ರವಾಸ ಎಂದರೆ ಕಾರಿದ್ದವರದ್ದೇ ಎಂದು ಈ ಜನ ತೀರ್ಮಾನಿಸಿಬಿಟ್ಟಿದ್ದಾರೆ. ಬಸ್ಸಿನಲ್ಲಿ ಬರುವ ಮುದುಕನಿಗೂ ನಾಯಿ ಇರಬಹುದಲ್ಲ?

ಬಸ್ ನಿಲ್ದಾಣದ ಸುತ್ತಿನ ಎರಡು ಲಾಡ್ಜ್‌ಗಳಲ್ಲಿ ಬಾಗಿಲಲ್ಲೇ ಬೇಡವೆಂದರು. ನಾನಾ ಅಲ್ಲೇ ಕಟ್ಟೆಯ ಮೇಲೆ ಕೂತು, "ನೀನು ರೂಮಿನಲ್ಲಿರು ಬೇಟಿ, ನಾವಿಬ್ಬರೂ ಬಸ್ ನಿಲ್ದಾಣದಲ್ಲಿ ಮಲಗುತ್ತೇವೆ" ಎಂದರು. ಎಪ್ಪತ್ತೆರಡು ವರ್ಷದವರು. ನನಗೆ ಅಳು ಬಂತು, ತೋರಿಸಿಕೊಳ್ಳಲಿಲ್ಲ.

ಮೂರನೆಯ ಲಾಡ್ಜಿನ ಮ್ಯಾನೇಜರ್ ಕಾಲುವನ್ನು ನೋಡಿದರು, ರೇಬಿಸ್ ಚುಚ್ಚುಮದ್ದಿನ ಕಾರ್ಡ್ ಕೇಳಿದರು. ನಾನಾ ಕುರ್ತಾದ ಜೇಬಿನಿಂದ ತೆಗೆದುಕೊಟ್ಟರು. ನೆಲಮಹಡಿಯ ರೂಮು, ಮಂಚ ಹತ್ತಿಸಬಾರದು, ಗಲೀಜಾದರೆ ನಾವೇ ತೊಳೆಯಬೇಕು, 200 ರೂಪಾಯಿ ಹೆಚ್ಚು. ಷರತ್ತು ಸ್ಪಷ್ಟವಾಗಿದ್ದರೆ ಎಷ್ಟು ನೆಮ್ಮದಿ! ರಸೀದಿ ಕೇಳಿದೆ. ನಾಯಿ ಎಂದು ಬರೆಯುವ ಕಾಲಂ ಇಲ್ಲವೆಂದು "ಎಕ್ಸ್‌ಟ್ರಾ ಪರ್ಸನ್ 1" ಎಂದು ಬರೆದುಕೊಟ್ಟರು.

ಬೆಳಿಗ್ಗೆ ಫಜ್ರ್ ಆದಮೇಲೆ ಅದನ್ನು ಸುತ್ತಾಡಿಸಿದೆ. ಪ್ರತಿ ಗಲ್ಲಿಗೂ ಅದರದೇ ಬೀದಿನಾಯಿಗಳ ಗುಂಪು ಇರುತ್ತದೆ. ಅಗಲವಾದ ರಸ್ತೆಯಲ್ಲಿ, ಸರಪಳಿ ಗಿಡ್ಡ ಹಿಡಿದು ನಡೆದರೆ ಜಗಳ ಕಡಿಮೆ. ಬಸ್ಸಿಗೆ ಮೊದಲು ನೀರು ಮಾತ್ರ ಕೊಟ್ಟೆವು. ಹೊಟ್ಟೆ ತುಂಬಿದ ನಾಯಿ ದಾರಿಯಲ್ಲಿ ವಾಂತಿ ಮಾಡುತ್ತದೆ.

ಈಗ ಕಾಲು ನಮ್ಮ ಮನೆಯ ಹೊಸ್ತಿಲಾಚೆ ಗೋಣಿಚೀಲದ ಮೇಲೆ ಮಲಗುತ್ತದೆ. ಏಪ್ರಿಲ್‌ನಲ್ಲಿ ನಾನಾ ಮತ್ತೆ ಹಾಸನಕ್ಕೆ ತಪಾಸಣೆಗೆ ಹೋಗಬೇಕು. ಆ ಮ್ಯಾನೇಜರ್ ನಂಬರನ್ನು ತಮ್ಮ ಡೈರಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ.